ಪಿಕಪ್ ಬದಲಿಸುವ ಮೊದಲು ವೈರಿಂಗ್ ನೋಡಿ

ಎಲೆಕ್ಟ್ರಿಕ್ ಗಿಟಾರ್ ಸದ್ದು ಮಂಕಾಗಿದೆ, ಇಲ್ಲವೇ ಕಿವಿ ಚುಚ್ಚುವಷ್ಟು ಕೀಚಲಾಗಿದೆ, ಅದೂ ಅಲ್ಲದಿದ್ದರೆ ವಾಲ್ಯೂಮ್ ಇಳಿಸಿದ ಕೂಡಲೇ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತದೆ. ಈ ಮೂರರಲ್ಲಿ ಯಾವ ದೂರಿದ್ದರೂ ಹೆಚ್ಚಿನವರು ಹುಡುಕಲು ಹೊರಡುವುದು ಹೊಸ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ. ಸಾವಿರಾರು ರೂಪಾಯಿ ಕೊಟ್ಟು ತರಿಸಿ, ಹಳೆಯ ಪಾಟ್ (ನಾಬ್ ಅಡಿಯಲ್ಲಿರುವ ತಿರುಗಿಸುವ ರೆಸಿಸ್ಟರ್) ಮತ್ತು ಕೆಪ್ಯಾಸಿಟರ್‌ಗೇ ಬೆಸೆದು, ಸದ್ದು ಅಷ್ಟೇನೂ ಬದಲಾಗಲಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಪಿಕಪ್ ಒಂಟಿಯಾಗಿ ದುಡಿಯುವ ವಸ್ತುವಲ್ಲ. ಅದರ ಎರಡು ವೈರಿಗೆ ಏನೇನು ತಗಲಿಕೊಂಡಿದೆಯೋ ಅದೆಲ್ಲವೂ ಸದ್ದಿನ ಪಾಲುದಾರ: ವಾಲ್ಯೂಮ್ ಪಾಟ್, ಟೋನ್ ಪಾಟ್, ಕೆಪ್ಯಾಸಿಟರ್, ಸ್ವಿಚ್, ಆಂಪ್‌ವರೆಗಿನ ಕೇಬಲ್ ಕೂಡ. ಈ ಭಾಗಗಳಲ್ಲಿ ಹಲವು ಕೆಲವೇ ರೂಪಾಯಿಯವು.

ಹಿಂಬದಿಯ ಪ್ಲೇಟ್ ಬಿಚ್ಚುವ ಮೊದಲು ಸ್ಕ್ರೂಡ್ರೈವರ್‌ನಿಂದ ಪಿಕಪ್ ಎತ್ತರ ಸರಿಮಾಡಿ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿಹಿಡಿದು ಪಿಕಪ್‌ನ ಕಬ್ಬಿಣದ ತುದಿಗೂ ತಂತಿಗೂ ನಡುವಿನ ಅಂತರ ಅಳೆಯಬೇಕು. ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕಾಸ್ಟರ್) ಬಗೆಯ, ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ ದಪ್ಪ ತಂತಿಯ ಕಡೆ 2 ಮಿ.ಮೀ., ತೆಳು ತಂತಿಯ ಕಡೆ 1.6 ಮಿ.ಮೀ. ಒಳ್ಳೆಯ ಶುರುವಾತು. ಎರಡು ಕಾಯಿಲ್ ಜೋಡಿಸಿದ ಹಂಬಕರ್ ಆದರೆ ನೆಕ್ ಕಡೆಯ ಪಿಕಪ್‌ಗೆ 2.4, ಬ್ರಿಜ್ ಕಡೆಯದಕ್ಕೆ 1.6. ಸಿಂಗಲ್ ಕಾಯಿಲ್ ತೀರ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆದು, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ತೂಗಾಡಿದಂತೆ, ಶ್ರುತಿ ನಿಲ್ಲದಂತೆ ಕೇಳುತ್ತದೆ. ಅದು ವೈರಿಂಗ್ ದೋಷ ಅಲ್ಲ. ನೆಕ್ ಜೋರು, ಬ್ರಿಜ್ ಮೆತ್ತಗೆ ಎಂಬ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯುತ್ತವೆ.

ಸದ್ದಿನ ಶಿಖರ ಎಲ್ಲಿದೆ

ಪಿಕಪ್ ಎಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ದಪ್ಪವಿಲ್ಲದ ತಾಮ್ರದ ಎಳೆಯ ಸಾವಿರಾರು ಸುತ್ತು. ಹೆಚ್ಚಾಗಿ ಬಳಸುವ 42 ಗೇಜ್ ಎಳೆ ಬರೀ 0.063 ಮಿ.ಮೀ. ದಪ್ಪ. ಹಳೆಯ ಸ್ಟ್ರ್ಯಾಟ್ ಪಿಕಪ್‌ನಲ್ಲಿ ಇಂಥ ಸುಮಾರು 8,000 ಸುತ್ತು. ಗಿಬ್ಸನ್‌ನಲ್ಲಿದ್ದ ಸೇತ್ ಲವರ್ ರೂಪಿಸಿದ, 1957ರಲ್ಲಿ ಲೆಸ್ ಪಾಲ್ ಗಿಟಾರಿಗೆ ಬಂದ ಹಂಬಕರ್‌ನಲ್ಲಿ ಒಂದೊಂದು ಕಾಯಿಲ್‌ಗೆ ಸುಮಾರು 5,000. ಇಷ್ಟು ಸುತ್ತಿದ ಮೇಲೆ ಕಾಯಿಲ್‌ಗೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, ಬರುತ್ತದೆ. ಸ್ಟ್ರ್ಯಾಟ್ ಪಿಕಪ್‌ಗೆ ಅದು 2.4 ಹೆನ್ರಿಯ ಆಸುಪಾಸು, ಹಳೆಯ ಮಾದರಿ ಹಂಬಕರ್‌ಗೆ 4.4ರ ಆಸುಪಾಸು.

ಈ ಇಂಡಕ್ಟೆನ್ಸ್ ಕೇಬಲ್‌ನ (ಮತ್ತು ಕಾಯಿಲ್‌ನದೇ ಅಲ್ಪಸ್ವಲ್ಪ) ಕೆಪ್ಯಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಗುಣದ ಜೊತೆ ಸೇರಿದಾಗ ಒಂದು ಗೊತ್ತಾದ ಆವರ್ತನದಲ್ಲಿ ಸದ್ದು ಉಬ್ಬುತ್ತದೆ, ಅದರ ಮೇಲಿನದೆಲ್ಲ ಕಡಿದಾಗಿ ಇಳಿಯುತ್ತದೆ. ಈ ಉಬ್ಬನ್ನು ಶಿಖರ ಎನ್ನೋಣ. ಶಿಖರ ಎಲ್ಲಿದೆ, ಎಷ್ಟು ಚೂಪಾಗಿದೆ ಎಂಬ ಎರಡು ಪ್ರಶ್ನೆಗಳಲ್ಲೇ ಟೋನ್ ಎಂಬುದರ ಮುಕ್ಕಾಲು ಪಾಲು ಅಡಗಿದೆ. ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಲೆಕ್ಕ ಹಿಡಿಯಿರಿ. ಕಾಯಿಲ್‌ನದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಸ್ಟ್ರ್ಯಾಟ್ ಪಿಕಪ್‌ಗೆ 3 ಮೀಟರ್ ಕೇಬಲ್ ಹಾಕಿದಾಗ ಶಿಖರ ಸುಮಾರು 5,100 ಹರ್ಟ್ಜ್‌ನಲ್ಲಿ, 6 ಮೀಟರ್ ಹಾಕಿದರೆ 3,900ಕ್ಕೆ ಇಳಿಯುತ್ತದೆ. ಅದೇ ಗಿಟಾರ್, ಅದೇ ಆಂಪ್. ಬದಲಾಗಿದ್ದು ಕೇಬಲ್ ಮಾತ್ರ. ಮನೆಯಲ್ಲಿ ಮೊನಚಾಗಿದ್ದ ಗಿಟಾರ್ ವೇದಿಕೆಯಲ್ಲಿ ಮೆತ್ತಗಾಯಿತು ಎನ್ನುವವರು ಮೊದಲು ಕೇಬಲ್ ಉದ್ದ ನೋಡಿಕೊಳ್ಳಲಿ.

ಒಂದು ತಪ್ಪು ಕಲ್ಪನೆ ಇಲ್ಲೇ ಬಿಡಿಸಬೇಕು. ಮಲ್ಟಿಮೀಟರ್ ತೋರಿಸುವ ಕಿಲೋಓಮ್ ಸಂಖ್ಯೆ ಪಿಕಪ್‌ನ ಜೋರನ್ನು ಅಳೆಯುವುದಿಲ್ಲ. ಎಳೆ ತೆಳುವಾದಷ್ಟೂ ಅದೇ ಸುತ್ತಿಗೆ ಓಮ್ ಜಾಸ್ತಿ. 42ಕ್ಕಿಂತ ತೆಳುವಾದ 43 ಗೇಜ್‌ನಲ್ಲಿ ಸುತ್ತಿದ ಟೆಲಿ (ಫೆಂಡರ್ ಟೆಲಿಕಾಸ್ಟರ್) ನೆಕ್ ಪಿಕಪ್ ಬ್ರಿಜ್ ಪಿಕಪ್‌ನಷ್ಟೇ ಓಮ್ ತೋರಿಸಿಯೂ ಅದಕ್ಕಿಂತ ಮೆತ್ತಗಿರುತ್ತದೆ. ಒಂದೇ ಎಳೆ, ಒಂದೇ ಬಗೆಯ ಅಯಸ್ಕಾಂತ ಇರುವ ಎರಡು ಪಿಕಪ್ ಹೋಲಿಸುವುದಕ್ಕಷ್ಟೇ ಆ ಸಂಖ್ಯೆ ಸಾಕು. ಅದರ ನಿಜವಾದ ಉಪಯೋಗ ವೈರಿಂಗ್ ಪರೀಕ್ಷೆಗೆ.

ಪಾಟ್: ಶಿಖರವನ್ನು ಚೂಪು ಮಾಡುವುದು, ಬೋಳು ಮಾಡುವುದು

ವಾಲ್ಯೂಮ್ ಪೂರ್ತಿ 10ರಲ್ಲಿದ್ದರೂ ಪಾಟ್ ಸುಮ್ಮನೆ ಕೂತಿರುವುದಿಲ್ಲ. ಪಿಕಪ್‌ನಿಂದ ಅರ್ತ್‌ಗೆ (ಸಿಗ್ನಲ್ ವಾಪಸ್ ಹೋಗುವ ದಾರಿಗೆ) 250 ಕಿಲೋಓಮ್‌ನ ಒಂದು ಸೋರಿಕೆ ಇದ್ದೇ ಇರುತ್ತದೆ, ಆ ಸೋರಿಕೆ ಶಿಖರದ ತುದಿಯನ್ನು ತಿನ್ನುತ್ತದೆ. ಟೋನ್ ಪಾಟ್ 10ರಲ್ಲಿದ್ದಾಗಲೂ ಅಷ್ಟೇ, ಏಕೆಂದರೆ ತಾರ ಆವರ್ತನಗಳಿಗೆ ಕೆಪ್ಯಾಸಿಟರ್ ತೆರೆದ ಬಾಗಿಲು. ಹಾಗಾಗಿ 250ರ ವಾಲ್ಯೂಮ್, 250ರ ಟೋನ್ ಎರಡೂ ಸೇರಿ ಪಿಕಪ್ ಹೊರುವ ಭಾರ 125 ಕಿಲೋಓಮ್. ಎರಡೂ 500 ಆದರೆ 250.

ಸಿಂಗಲ್ ಕಾಯಿಲ್‌ಗೆ 250, ಹಂಬಕರ್‌ಗೆ 500 ಎಂಬ ರೂಢಿ ಬಂದಿದ್ದು ಹೀಗೆ. ಸಿಂಗಲ್ ಕಾಯಿಲ್‌ನ ಶಿಖರ ಮೊದಲೇ ಮೇಲಿದೆ, ಸ್ವಲ್ಪ ಬೋಳಾದರೆ ಕಿವಿಗೆ ಹಿತ. ಹಂಬಕರ್‌ನದು ಕೆಳಗಿದೆ, ಅದಕ್ಕೆ 250 ಹಾಕಿದರೆ ಇದ್ದ ಮೊನಚೂ ಹೋಗುತ್ತದೆ. ಹಂಬಕರ್ ಮಂಕಾಗಿದೆ ಎಂದು ದೂರುವ ಗಿಟಾರಿನಲ್ಲಿ ಮೊದಲು ಪಾಟ್ ಅಳೆದು ನೋಡಿ. 1970ರ ದಶಕದ ಎಷ್ಟೋ ಲೆಸ್ ಪಾಲ್‌ಗಳಲ್ಲೂ 300ರ ವಾಲ್ಯೂಮ್ ಪಾಟ್ ಇದ್ದವು. ಫೆಂಡರ್ ಜಾಝ್‌ಮಾಸ್ಟರ್ ತದ್ವಿರುದ್ಧ: ಸಿಂಗಲ್ ಕಾಯಿಲ್‌ಗೆ 1 ಮೆಗಾಓಮ್, ಅದರಿಂದಲೇ ಅದರ ಆ ಹರಿತ.

ಪಾಟ್ ಮೇಲೆ ಬರೆದ ಸಂಖ್ಯೆ ನಂಬಬೇಡಿ. 20 ಪ್ರತಿಶತ ಹೆಚ್ಚುಕಮ್ಮಿ ಮಾಮೂಲು, ಅಂದರೆ 500 ಎಂದು ಬರೆದದ್ದು 400ರಿಂದ 600ರವರೆಗೆ ಏನೂ ಆಗಿರಬಹುದು. ಎರಡು ಮೂರು ಕೊಂಡು ಹೊರಗಿನ ಎರಡು ಕಾಲುಗಳ ನಡುವೆ ಅಳೆದು, ಹೆಚ್ಚಿನದನ್ನು ವಾಲ್ಯೂಮ್‌ಗೆ ಇಟ್ಟುಕೊಳ್ಳಿ.

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬಿಡಿಭಾಗ ಕೊಳ್ಳುವಾಗ ಇನ್ನೆರಡು ಸಂಗತಿ ನೆನಪಿರಲಿ. ಒಂದು, ಸಂಖ್ಯೆಯ ಪಕ್ಕದ ಅಕ್ಷರ. ‘ಎ’ ಎಂದರೆ ಆಡಿಯೋ ಅಥವಾ ಲಾಗ್, ‘ಬಿ’ ಎಂದರೆ ಲೀನಿಯರ್. ವಾಲ್ಯೂಮ್‌ಗೆ ‘ಬಿ’ ಹಾಕಿದರೆ 10ರಿಂದ 5ಕ್ಕೆ ತಿರುಗಿಸಿದರೂ ದೊಡ್ಡ ವ್ಯತ್ಯಾಸ ಕೇಳದೆ, ಕೊನೆಯ ಒಂದೆರಡು ಗುರುತಿನಲ್ಲಿ ಎಲ್ಲ ಧೊಪ್ಪೆಂದು ಬೀಳುತ್ತದೆ. ಅನುಮಾನ ಇದ್ದರೆ ಪಾಟನ್ನು ಸರಿಯಾಗಿ ಅರ್ಧಕ್ಕೆ ತಿರುಗಿಸಿ, ನಡುಗಾಲಿಗೂ ಅರ್ತ್ ಆಗುವ ಕಾಲಿಗೂ ನಡುವೆ ಅಳೆಯಿರಿ. ಒಟ್ಟಿನ ಅರ್ಧ ಬಂದರೆ ಲೀನಿಯರ್, 10ರಿಂದ 20 ಪ್ರತಿಶತ ಬಂದರೆ ಆಡಿಯೋ. ಎರಡನೆಯದು ಅಳತೆ. ಅಮೆರಿಕನ್ ಮಾದರಿಯ ದೊಡ್ಡ ಪಾಟ್‌ಗೆ 9.5 ಮಿ.ಮೀ. ತೂತು ಬೇಕು, ಏಷ್ಯಾದಲ್ಲಿ ತಯಾರಾದ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಸಣ್ಣ ಪಾಟ್ ಇದ್ದು ತೂತೂ ಅದಕ್ಕಿಂತ ಚಿಕ್ಕದು. ಡ್ರಿಲ್ ಬಿಟ್ ಇಟ್ಟು ಅಗಲ ಮಾಡಲು ಹೋದರೆ ಮೇಲಿನ ಬಣ್ಣ ಚಕ್ಕೆ ಏಳುತ್ತದೆ. ರೀಮರ್ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸಿ.

ಬ್ರಿಜ್‌ನಲ್ಲಿ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್ ಇರುವ ಗಿಟಾರಿಗೆ ಯಾವ ಪಾಟ್? 500 ಹಾಕಿ, ಸಿಂಗಲ್ ಕಾಯಿಲ್‌ಗಳ ಹಾಟ್ (ಸಿಗ್ನಲ್ ಒಯ್ಯುವ) ವೈರಿನಿಂದ ಅರ್ತ್‌ಗೆ ಒಂದೊಂದು 470 ಕಿಲೋಓಮ್ ರೆಸಿಸ್ಟರ್ ಬೆಸೆಯಿರಿ. ಸ್ವಿಚ್‌ನಲ್ಲಿ ಆ ಪಿಕಪ್ ಆರಿಸಿದಾಗ ಮಾತ್ರ ರೆಸಿಸ್ಟರ್ ಲೆಕ್ಕಕ್ಕೆ ಬಂದು, 500ರ ಪಾಟ್ 242ರ ಹಾಗೆ ವರ್ತಿಸುತ್ತದೆ. ಎರಡು ಸಿಂಗಲ್ ಒಟ್ಟಿಗೆ ಆರಿಸಿದರೆ ಇದು 160ಕ್ಕೆ ಇಳಿಯುತ್ತದೆ, ತುಸು ಮೆತ್ತಗಾಗುತ್ತದೆ. ಸಹಿಸಬಹುದಾದ ಬೆಲೆ.

ಕೆಪ್ಯಾಸಿಟರ್ ಬಗ್ಗೆ ಇರಬೇಕಾದಷ್ಟು ಮಾತ್ರ

223 ಎಂದು ಬರೆದಿದ್ದರೆ 0.022 ಮೈಕ್ರೋಫ್ಯಾರಡ್, 473 ಎಂದರೆ 0.047, 104 ಎಂದರೆ 0.1, 102 ಎಂದರೆ 0.001. ಗಿಬ್ಸನ್ ರೂಢಿ 0.022, ಫೆಂಡರ್ 1950ರ ದಶಕದಲ್ಲಿ 0.1 ಹಾಕುತ್ತಿತ್ತು, ಆಮೇಲೆ 0.047ಕ್ಕೆ ಬಂತು. ಟೋನ್ 10ರಲ್ಲಿದ್ದಾಗ 0.022, 0.047 ನಡುವಿನ ವ್ಯತ್ಯಾಸ ಕೇಳುವುದೇ ಇಲ್ಲ. ನಾಬ್ ಪೂರ್ತಿ ಇಳಿಸಿದಾಗಷ್ಟೇ ಕೇಳುತ್ತದೆ. ಆಗಲೂ ಶಿಖರ ಮಾಯವಾಗುವುದಿಲ್ಲ, ಕೆಳಕ್ಕೆ ಸರಿಯುತ್ತದೆ: ಹಂಬಕರ್‌ಗೆ 0.022 ಇದ್ದರೆ ಸುಮಾರು 500 ಹರ್ಟ್ಜ್‌ಗೆ. ಕ್ರೀಮ್ ತಂಡದ ದಿನಗಳಲ್ಲಿ ಎರಿಕ್ ಕ್ಲಾಪ್ಟನ್ ಟೋನ್ ಇಳಿಸಿ, ಆಂಪ್ ಏರಿಸಿ ತೆಗೆದ, ಗಂಟಲು ತುಂಬಿ ಹಾಡಿದಂಥ ಸದ್ದು ಇದರಿಂದಲೇ.

ಎಣ್ಣೆಕಾಗದದ ಕೆಪ್ಯಾಸಿಟರ್‌ಗೆ ಸಾವಿರಗಟ್ಟಲೆ ಸುರಿಯಬೇಡಿ. ಅಳತೆ ಒಂದೇ ಆಗಿದ್ದರೆ ಸಾಮಾನ್ಯ ಪಾಲಿಯೆಸ್ಟರ್ ಕೆಪ್ಯಾಸಿಟರ್ ಅದೇ ಕೆಲಸ ಮಾಡುತ್ತದೆ. ಗಿಟಾರ್‌ನೊಳಗೆ ಹರಿಯುವುದು ಅತಿ ಸಣ್ಣ ವೋಲ್ಟೇಜ್, 50 ವೋಲ್ಟ್‌ನದು ಧಾರಾಳ ಸಾಕು.

ಸೀರೀಸ್, ಪ್ಯಾರಲಲ್

ಹೈಸ್ಕೂಲಿನ ಸರಣಿ ಜೋಡಣೆ, ಸಮಾಂತರ ಜೋಡಣೆಗಳೇ ಇವು. ಸೀರೀಸ್‌ನಲ್ಲಿ ಒಂದು ಕಾಯಿಲ್‌ನ ಬಾಲ ಇನ್ನೊಂದರ ತಲೆಗೆ. ಹಬ್ಬದ ಸೀರಿಯಲ್ ಸೆಟ್ ಹಾಗೆ ನಡುವೆ ಒಂದು ಕಡಿದರೆ ಎಲ್ಲವೂ ಬಂದ್. ಪ್ಯಾರಲಲ್‌ನಲ್ಲಿ ತಲೆ ತಲೆಗೆ, ಬಾಲ ಬಾಲಕ್ಕೆ.

ಸೀರೀಸ್‌ನಲ್ಲಿ ಎರಡರ ವೋಲ್ಟೇಜ್ ಕೂಡುತ್ತದೆ. ಲೆಕ್ಕದಲ್ಲಿ 6 ಡೆಸಿಬೆಲ್ ಹೆಚ್ಚಳ. ಎರಡು ಪಿಕಪ್ ತಂತಿಯ ಬೇರೆ ಬೇರೆ ಜಾಗದಿಂದ ಕೇಳುವುದರಿಂದ ಕೈಗೆ ಸಿಗುವುದು ಅದಕ್ಕಿಂತ ಕಮ್ಮಿ. ಇಂಡಕ್ಟೆನ್ಸ್ ಕೂಡ ಕೂಡುತ್ತದೆ, ಶಿಖರ ಇಳಿಯುತ್ತದೆ, ಸದ್ದು ದಪ್ಪವಾಗಿ, ಆಂಪ್‌ನ ಸದ್ದು ಬೇಗ ಒಡೆಯುವಂತೆ (ಡಿಸ್ಟಾರ್ಟ್ ಆಗುವಂತೆ) ಮಾಡುತ್ತದೆ. ಪ್ಯಾರಲಲ್‌ನಲ್ಲಿ ಜೋರು ಒಂದೇ ಪಿಕಪ್‌ನಷ್ಟು ಇರುತ್ತದೆ, ಇಂಡಕ್ಟೆನ್ಸ್ ಅರ್ಧವಾಗಿ ಶಿಖರ ಏರುತ್ತದೆ. 6 ಮೀಟರ್ ಕೇಬಲ್‌ನ ಲೆಕ್ಕದಲ್ಲೇ ಹೇಳುವುದಾದರೆ ಒಂದು ಸ್ಟ್ರ್ಯಾಟ್ ಪಿಕಪ್‌ಗೆ 3,900 ಹರ್ಟ್ಜ್, ಅಂಥವೆರಡು ಪ್ಯಾರಲಲ್ ಆದರೆ 5,100, ಸೀರೀಸ್ ಆದರೆ 2,850.

ಸ್ಟ್ರ್ಯಾಟ್ ಸ್ವಿಚ್‌ನ 2 ಮತ್ತು 4ನೇ ಜಾಗದ ಸದ್ದನ್ನು ಬಹಳ ಮಂದಿ ‘ಔಟ್ ಆಫ್ ಫೇಸ್’ (ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುವುದು) ಎನ್ನುತ್ತಾರೆ. ತಪ್ಪು. ಅದು ಒಂದೇ ಫೇಸ್‌ನಲ್ಲಿರುವ ಎರಡು ಪಿಕಪ್‌ನ ಪ್ಯಾರಲಲ್ ಜೋಡಣೆ. 1954ರಲ್ಲಿ ಸ್ಟ್ರ್ಯಾಟೊಕಾಸ್ಟರ್ ಬಂದಾಗ ಮೂರೇ ಜಾಗದ ಸ್ವಿಚ್ ಇತ್ತು. ವಾದಕರು ಕಡ್ಡಿಯನ್ನು ನಡುವೆ ಸಿಕ್ಕಿಸಿ ಈ ಸದ್ದು ಹುಡುಕಿಕೊಂಡರು, ಐದು ಜಾಗದ ಸ್ವಿಚ್ ಕಾರ್ಖಾನೆಯಿಂದಲೇ ಬರತೊಡಗಿದ್ದು 1977ರಲ್ಲಿ.

ಹಂಬಕರ್‌ಗೆ ಪುಶ್-ಪುಲ್ ಸ್ವಿಚ್: ಒಂದೊಂದು ವೈರಾಗಿ

ಕಡಿಮೆ ಖರ್ಚಿನಲ್ಲಿ ಎರಡು ಗಿಟಾರ್ ಸಿಕ್ಕಂತಾಗುವ ಬದಲಾವಣೆ ಇದು. ಹಂಬಕರ್‌ನ ಎರಡು ಕಾಯಿಲ್ ಮಾಮೂಲಾಗಿ ಸೀರೀಸ್‌ನಲ್ಲಿರುತ್ತವೆ. ನಾಬ್ ಎಳೆದಾಗ ಪ್ಯಾರಲಲ್ ಆಗಬೇಕು. ಬೇಕಾದದ್ದು ನಾಲ್ಕು ವೈರಿನ ಹಂಬಕರ್, 500ರ ಆಡಿಯೋ ಪುಶ್-ಪುಲ್ ಪಾಟ್ ಒಂದು, ಒಂದಡಿ ಹುಕ್‌ಅಪ್ ವೈರ್. ಎರಡೇ ವೈರಿರುವ ಹಳೆಯ ಬಗೆಯ ಹಂಬಕರ್‌ನಲ್ಲಿ ಇದು ಆಗುವುದಿಲ್ಲ, ಕಾಯಿಲ್‌ಗಳ ನಡುವಿನ ಬೆಸುಗೆ ಒಳಗೇ ಮುಚ್ಚಿಹೋಗಿರುತ್ತದೆ.

ಬಣ್ಣದಲ್ಲಿ ಮೋಸಹೋಗುವವರೇ ಹೆಚ್ಚು. ಸೀಮೋರ್ ಡಂಕನ್‌ನಲ್ಲಿ ಕಪ್ಪು ಹಾಟ್. ಬಿಳಿ ಮತ್ತು ಕೆಂಪು ಕಾಯಿಲ್‌ಗಳ ಕೊಂಡಿ. ಹಸಿರು ಮತ್ತು ಸಿಪ್ಪೆಯಿಲ್ಲದ ವೈರ್ ಅರ್ತ್. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್. ಕಪ್ಪು ಮತ್ತು ಬಿಳಿ ಕೊಂಡಿ. ಹಸಿರು ಮತ್ತು ಬರಿಯ ವೈರ್ ಅರ್ತ್. ಒಂದರ ನಕ್ಷೆ ಹಿಡಿದು ಇನ್ನೊಂದನ್ನು ಬೆಸೆದರೆ ಸದ್ದು ತೆಳ್ಳಗಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಬೇರೆ ಕಂಪನಿಯದಾದರೆ ಮೀಟರ್‌ನಿಂದ ಜೋಡಿ ಹುಡುಕಿ: ಯಾವೆರಡು ವೈರ್ ನಡುವೆ 4 ಕಿಲೋಓಮ್ ಆಸುಪಾಸು ಬರುತ್ತದೋ ಅವು ಒಂದು ಕಾಯಿಲ್‌ನವು.

ಪುಶ್-ಪುಲ್ ಪಾಟ್ ಬೆನ್ನ ಮೇಲೆ ಆರು ಕಾಲು, ಮೂರರ ಎರಡು ಸಾಲು. ಎಡ ಸಾಲು ಮೇಲಿಂದ 1, 2, 3. ಬಲ ಸಾಲು 4, 5, 6 ಎಂದಿಟ್ಟುಕೊಳ್ಳಿ. ನಡುವಿನ 2 ಮತ್ತು 5 ಸದಾ ಬಳಕೆಯಲ್ಲಿರುವ ಕಾಲುಗಳು. ನಾಬ್ ಕೆಳಗಿದ್ದಾಗ ಅವು ಮೇಲಿನ ಜೋಡಿಗೆ ತಾಗುತ್ತವೋ ಕೆಳಗಿನದಕ್ಕೋ ಎಂಬುದು ಪಾಟ್‌ನಿಂದ ಪಾಟ್‌ಗೆ ಬೇರೆ; ಮೀಟರ್‌ನ ಬೀಪ್ ಇಟ್ಟು ಖಚಿತ ಮಾಡಿಕೊಂಡೇ ಬೆಸೆಯಿರಿ. ನಾಬ್ ಒತ್ತಿದಾಗ ತಾಗುವ ಜೋಡಿಯನ್ನು ಇಲ್ಲಿ 1 ಮತ್ತು 4 ಎಂದುಕೊಂಡಿದ್ದೇವೆ.

ಡಂಕನ್ ಬಣ್ಣದ ಪ್ರಕಾರ: ಬಿಳಿ 2ಕ್ಕೆ. ಕೆಂಪು 5ಕ್ಕೆ. 1 ಮತ್ತು 4ರ ನಡುವೆ ಒಂದು ಗಿಡ್ಡ ವೈರ್. 3ರಿಂದ ಅರ್ತ್‌ಗೆ ಒಂದು. 6ರಿಂದ ಕಪ್ಪು ವೈರ್ ಇರುವ ಜಾಗಕ್ಕೆ, ಅಂದರೆ ಹಾಟ್‌ಗೆ, ಒಂದು. ಹಸಿರು ಮತ್ತು ಬರಿಯ ವೈರ್ ಪಾಟ್ ಬೆನ್ನಿಗೆ. ಇಷ್ಟೇ. ನಾಬ್ ಒತ್ತಿದಾಗ ಬಿಳಿ ಕೆಂಪಿಗೆ ತಾಗಿ ಸೀರೀಸ್. ಎಳೆದಾಗ ಬಿಳಿ ಅರ್ತ್‌ಗೆ, ಕೆಂಪು ಹಾಟ್‌ಗೆ ಹೋಗಿ ಪ್ಯಾರಲಲ್. 8 ಕಿಲೋಓಮ್‌ನ ಹಂಬಕರ್ ಆದರೆ ಮೀಟರ್ 8ರಿಂದ 2ಕ್ಕೆ ಇಳಿಯಬೇಕು. ಬರೀ 4 ತೋರಿಸಿದರೆ ಒಂದು ಕಾಯಿಲ್ ಮಾತ್ರ ಕೆಲಸ ಮಾಡುತ್ತಿದೆ, 3 ಅಥವಾ 6ರ ವೈರ್ ಬಿಟ್ಟಿದೆ.

ಕಾಯಿಲ್ ಸ್ಪ್ಲಿಟ್, ಅಂದರೆ ಒಂದೇ ಕಾಯಿಲ್ ಉಳಿಸಿಕೊಳ್ಳುವುದು, ಇದಕ್ಕಿಂತ ಸುಲಭ: ಬಿಳಿ ಕೆಂಪು ಎರಡನ್ನೂ ಒಟ್ಟಿಗೆ 2ಕ್ಕೆ, 3ರಿಂದ ಅರ್ತ್‌ಗೆ. ಆದರೆ ಒಂದು ಕಾಯಿಲ್ ಸುಮ್ಮನಾದ ಮೇಲೆ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ವಾಪಸ್ ಬರುತ್ತದೆ, ಜೋರೂ ಎದ್ದು ಕಾಣುವಷ್ಟು ಬೀಳುತ್ತದೆ. 3ರಿಂದ ಅರ್ತ್‌ಗೆ ನೇರ ವೈರ್ ಬದಲು 2.2ರಿಂದ 4.7 ಕಿಲೋಓಮ್‌ವರೆಗಿನ ರೆಸಿಸ್ಟರ್ ಹಾಕಿದರೆ ಎರಡನೇ ಕಾಯಿಲ್ ಅರೆಬರೆ ಉಳಿದು ಬೀಳು ಕಮ್ಮಿಯಾಗುತ್ತದೆ. ಪ್ಯಾರಲಲ್‌ನಲ್ಲಿ ಗುಂಯ್ ಇಲ್ಲವೇ ಇಲ್ಲ, ಸದ್ದೂ ಸಿಂಗಲ್ ಕಾಯಿಲ್ ಹತ್ತಿರಕ್ಕೆ ಬರುತ್ತದೆ. ಟ್ಯೂಬ್‌ಲೈಟ್, ಡಿಮ್ಮರ್, ಇನ್ವರ್ಟರ್ ಇರುವ ಸಭಾಂಗಣಗಳಲ್ಲಿ ನುಡಿಸುವವರಿಗೆ ಪ್ಯಾರಲಲ್ಲೇ ಮೇಲು.

ಟೆಲಿಕಾಸ್ಟರ್‌ನಲ್ಲಿ ನಾಲ್ಕು ಜಾಗದ ಸ್ವಿಚ್ ಹಾಕಿ ನೆಕ್, ಬ್ರಿಜ್ ಸೀರೀಸ್ ಮಾಡುವವರು ಒಂದು ಹಳ್ಳ ತಪ್ಪಿಸಬೇಕು. ನೆಕ್ ಪಿಕಪ್‌ನ ಲೋಹದ ಮುಚ್ಚಳ ಕಾಯಿಲ್‌ನ ಕಪ್ಪು ವೈರಿಗೇ ಒಳಗೆ ಬೆಸೆದಿರುತ್ತದೆ. ಸೀರೀಸ್‌ನಲ್ಲಿ ಆ ವೈರ್ ಅರ್ತ್ ಆಗಿರದೆ ಸಿಗ್ನಲ್ ದಾರಿಯ ಮಧ್ಯಕ್ಕೆ ಬರುವುದರಿಂದ ಮುಚ್ಚಳ ಆಂಟೆನಾ ಆಗಿ ಕಿರುಗುಡುತ್ತದೆ, ಅದಕ್ಕೆ ತಂತಿ ತಾಗಿದರೆ ಸದ್ದು ಕಡಿಯುತ್ತದೆ. ಪಿಕಪ್ ಅಡಿಯಲ್ಲಿರುವ ಆ ಗಿಡ್ಡ ಕೊಂಡಿಯನ್ನು ಕತ್ತರಿಸಿ, ಮುಚ್ಚಳಕ್ಕೆ ಬೇರೆಯದೇ ಮೂರನೇ ವೈರ್ ಬೆಸೆದು ಅರ್ತ್‌ಗೆ ಒಯ್ಯಿರಿ. ಅಡಿಯಲ್ಲಿರುವ ಕಾಯಿಲ್‌ನ ಎಳೆ ಕೂದಲಂತೆ; ಕತ್ತರಿ ಜಾರಿದರೆ ಪಿಕಪ್ ಹೋದಂತೆಯೇ.

ಫೇಸ್: ಪಿಸುಗುಟ್ಟುವ ನಡುಜಾಗ

ಒಂದೊಂದಾಗಿ ಎರಡೂ ಪಿಕಪ್ ಚೆನ್ನಾಗಿವೆ, ಒಟ್ಟಿಗೆ ಹಾಕಿದರೆ ಮಾತ್ರ ಮಂದ್ರವೆಲ್ಲ ಮಾಯವಾಗಿ ಮೂಗಿನಲ್ಲಿ ಮಾತಾಡಿದಂತಿದೆ ಎಂದರೆ ಎರಡೂ ಒಂದಕ್ಕೊಂದು ಉಲ್ಟಾ ಫೇಸ್‌ನಲ್ಲಿವೆ. ಬೇರೆ ಬೇರೆ ಕಂಪನಿಯ ಪಿಕಪ್ ಬೆರೆಸಿದಾಗ ಹೀಗಾಗುವುದು ಸಹಜ. ಬೆಸೆಯುವ ಮೊದಲೇ ಪರೀಕ್ಷಿಸಬಹುದು: ಪಿಕಪ್‌ನ ಹಾಟ್‌ಗೆ ಮೀಟರ್‌ನ ಕೆಂಪು, ಅರ್ತ್‌ಗೆ ಕಪ್ಪು ತಾಗಿಸಿ 20 ಕಿಲೋಓಮ್ ರೇಂಜ್‌ನಲ್ಲಿಟ್ಟು, ಪಿಕಪ್ ಮೇಲೆ ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಸರಕ್ಕನೆ ಎತ್ತಿ. ಸಂಖ್ಯೆ ಒಂದು ಕ್ಷಣ ಮೇಲೆ ಅಥವಾ ಕೆಳಗೆ ಜಿಗಿಯುತ್ತದೆ. ಎರಡು ಪಿಕಪ್ ಒಂದೇ ದಿಕ್ಕಿಗೆ ಜಿಗಿದರೆ ಸರಿ. ಬೇರೆಯಾದರೆ ಒಂದರ ಹಾಟ್, ಅರ್ತ್ ಅದಲುಬದಲು ಮಾಡಿ. ಲೋಹದ ಮುಚ್ಚಳ ಅರ್ತ್ ವೈರಿಗೆ ಅಂಟಿಕೊಂಡಿರುವ ಪಿಕಪ್‌ನಲ್ಲಿ ಹಾಗೆ ಬದಲಿಸಬೇಡಿ, ಟೆಲಿಯ ತಕರಾರೇ ಇಲ್ಲೂ ಬರುತ್ತದೆ.

ಇದನ್ನೇ ಬೇಕೆಂದು ಬಳಸಿದವರೂ ಇದ್ದಾರೆ. ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಅವರ ಲೆಸ್ ಪಾಲ್‌ನ ಟೊಳ್ಳುಟೊಳ್ಳಾದ ನಡುಜಾಗದ ಸದ್ದಿಗೆ ನೆಕ್ ಪಿಕಪ್‌ನ ಅಯಸ್ಕಾಂತ ಉಲ್ಟಾ ಇದ್ದದ್ದು ಕಾರಣ. ಕ್ವೀನ್ ತಂಡದ ಬ್ರಯನ್ ಮೇ ಅವರ ರೆಡ್ ಸ್ಪೆಶಲ್ ಗಿಟಾರಿನಲ್ಲಿ ಬರ್ನ್ಸ್ ಕಂಪನಿಯ ಮೂರು ಪಿಕಪ್ ಸೀರೀಸ್‌ನಲ್ಲಿವೆ, ಪ್ರತಿಯೊಂದಕ್ಕೂ ಫೇಸ್ ಸ್ವಿಚ್. ಸೀರೀಸ್ ಆದ್ದರಿಂದಲೇ ಉಲ್ಟಾ ಫೇಸ್‌ನಲ್ಲೂ ಸದ್ದಿಗೆ ಮೈ ಉಳಿಯುತ್ತದೆ; ಪ್ಯಾರಲಲ್‌ನಲ್ಲಿ ಮಾಡಿದರೆ ಜೊಳ್ಳು.

ವಾಲ್ಯೂಮ್ ಇಳಿಸಿದರೆ ಮೊನಚು ಎಲ್ಲಿ ಹೋಗುತ್ತದೆ

ಕಳ್ಳ ಕೇಬಲ್ಲೇ. ಪಾಟ್ ಇಳಿಸಿದಾಗ ಪಿಕಪ್‌ಗೂ ಕೇಬಲ್‌ಗೂ ನಡುವೆ ದೊಡ್ಡ ರೆಸಿಸ್ಟೆನ್ಸ್ ಬಂದು ಕೂರುತ್ತದೆ. 250ರ ಪಾಟ್‌ನ ಸವರು (ನಡುಗಾಲಿಗೆ ಸೇರಿದ, ಒಳಗೆ ಸರಿದಾಡುವ ಭಾಗ) ಸರಿನಡುವಿನಲ್ಲಿದ್ದಾಗ ಅದು 62 ಕಿಲೋಓಮ್ ದಾಟುತ್ತದೆ, 500ರದ್ದರಲ್ಲಿ 125. ಮುಂದೆ 6 ಮೀಟರ್ ಕೇಬಲ್‌ನ 600 ಪಿಕೋಫ್ಯಾರಡ್ ಕಾದಿದ್ದರೆ, 250ರಲ್ಲಿ 4,200 ಹರ್ಟ್ಜ್ ಮೇಲಿನದ್ದು, 500ರಲ್ಲಿ 2,100 ಮೇಲಿನದ್ದು ಸೋರಿಹೋಗುತ್ತದೆ. ಹಂಬಕರ್ ಗಿಟಾರಿನವರ ದೂರು ಜಾಸ್ತಿಯಿರುವುದಕ್ಕೆ ಇದೇ ಕಾರಣ.

ಎರಡು ದಾರಿ ಇವೆ. ಮೊದಲನೆಯದಕ್ಕೆ ಖರ್ಚೇ ಇಲ್ಲ: ಟೋನ್‌ಗೆ ಹೋಗುವ ವೈರನ್ನು ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿನಿಂದ ಬಿಡಿಸಿ ನಡುಗಾಲಿಗೆ ಬೆಸೆಯಿರಿ. 1950ರ ದಶಕದ ಲೆಸ್ ಪಾಲ್‌ಗಳ ವೈರಿಂಗ್ ಇದು. ವಾಲ್ಯೂಮ್ ಇಳಿಸಿದರೂ ಸದ್ದು ತಿಳಿಯಾಗಿರುತ್ತದೆ. ಬದಲಿಗೆ ಟೋನ್ ತಿರುಗಿಸಿದಾಗ ಜೋರೂ ತುಸು ಅಲುಗುತ್ತದೆ. ಎರಡನೆಯದು ಟ್ರೆಬಲ್ ಬ್ಲೀಡ್: ವಾಲ್ಯೂಮ್‌ನ ಒಳಬರುವ ಕಾಲಿಗೂ ನಡುಗಾಲಿಗೂ ನಡುವೆ 0.001 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಅದಕ್ಕೆ ಪ್ಯಾರಲಲ್ಲಾಗಿ 150 ಕಿಲೋಓಮ್ ರೆಸಿಸ್ಟರ್. ಇದು ನಾಬ್ ಇಳಿಯುವ ರೀತಿಯನ್ನು ಬದಲಿಸುತ್ತದೆ. ಅದು ಇಷ್ಟವಾಗದಿದ್ದರೆ 0.0012 ಮತ್ತು 130 ಕಿಲೋಓಮ್ ಅನ್ನು ಸೀರೀಸ್‌ನಲ್ಲಿ ಹಾಕಿ. ರೆಸಿಸ್ಟರ್ ಬಿಟ್ಟು ಬರೀ ಕೆಪ್ಯಾಸಿಟರ್ ಹಾಕುವವರಿದ್ದಾರೆ. ನಾಬ್ 3ಕ್ಕೆ ಬರುವಷ್ಟರಲ್ಲಿ ಮಂದ್ರ ಹೋಗಿ ತಗಡು ಬಡಿದಂತಾಗುತ್ತದೆ. ಎರಡೂ ದಾರಿಯನ್ನು ಒಟ್ಟಿಗೆ ಹಿಡಿಯಬೇಡಿ.

ಎರಡು ವಾಲ್ಯೂಮ್ ಇರುವ ಗಿಟಾರಿನಲ್ಲಿ ನಡುಜಾಗದಲ್ಲಿದ್ದಾಗ ಒಂದನ್ನು ಸೊನ್ನೆ ಮಾಡಿದರೆ ಇನ್ನೊಂದೂ ಸಾಯುವುದು ದೋಷವಲ್ಲ, ವಿನ್ಯಾಸ. ಪ್ರತಿ ಪಾಟ್‌ನಲ್ಲೂ ಪಿಕಪ್ ವೈರನ್ನು ನಡುಗಾಲಿಗೆ, ಹೊರಹೋಗುವ ವೈರನ್ನು ಪಕ್ಕದ ಕಾಲಿಗೆ ಬದಲಿಸಿದರೆ ಸ್ವತಂತ್ರವಾಗುತ್ತವೆ. ಆದರೆ ಇಳಿಸಿದಾಗ ಪಾಟ್ ಪಿಕಪ್‌ನ್ನೇ ಅರ್ತ್ ಕಡೆಗೆ ಒತ್ತುವುದರಿಂದ ಮೊನಚು ಇನ್ನೂ ಬೇಗ ಹೋಗುತ್ತದೆ. ಬಹುಪಾಲು ವಾದಕರಿಗೆ ಈ ವಿನಿಮಯ ಲಾಭದ್ದಲ್ಲ.

ಬೆಸುಗೆ

ವೈರಿಂದ ಕಾಲಿಗೆ 25 ವಾಟ್ ಬೆಸುಗೆ ಕಬ್ಬಿಣ (ಸೋಲ್ಡರಿಂಗ್ ಐರನ್) ಸಾಕು. ಪಾಟ್ ಬೆನ್ನಿಗೆ ಸಾಲದು. ಅಷ್ಟು ಲೋಹ ಶಾಖವನ್ನು ನುಂಗಿಕೊಳ್ಳುತ್ತದೆ, ನೀವು ಅರ್ಧ ನಿಮಿಷ ಒತ್ತಿಹಿಡಿಯುತ್ತೀರಿ, ಒಳಗಿನ ಕಾರ್ಬನ್ ಪಟ್ಟಿ ಬೆಂದು ಪಾಟ್ ಹಾಳಾಗುತ್ತದೆ. 40ರಿಂದ 60 ವಾಟ್‌ನದ್ದು, ಚಪ್ಪಟೆ ತುದಿ, 60/40 ರೋಸಿನ್ ಸೋಲ್ಡರ್. ಪಾಟ್ ಬೆನ್ನನ್ನು ಮರಳುಕಾಗದದಿಂದ ಬೆರಳಗಲ ಉಜ್ಜಿ, ಮೊದಲು ಅಲ್ಲಿ ಸೋಲ್ಡರ್ ಒಂದು ತೊಟ್ಟು ಹರಡಿ, ವೈರ್ ತುದಿಗೂ ಸೋಲ್ಡರ್ ಸವರಿ, ಆಮೇಲೆ ಎರಡನ್ನೂ ಕೂಡಿಸಿ. ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಯಬೇಕು. ಬೆಸುಗೆ ಹೊಳೆದು ಅಂಚುಗಳಲ್ಲಿ ತೆಳುವಾಗಿ ಹರಿದಿದ್ದರೆ ಹಿಡಿದಿದೆ. ಮಂಕಾಗಿ ಗೋಲಿಯಂತೆ ಕೂತಿದ್ದರೆ ಹಿಡಿದಿಲ್ಲ. ಅದು ಇವತ್ತು ಕೆಲಸ ಮಾಡಿ, ನುಡಿಸುವ ದಿನ ಬಿಡುತ್ತದೆ. ಕಬ್ಬಿಣ ಹಿಡಿಯುವ ಮೊದಲು ಇದ್ದ ವೈರಿಂಗ್‌ನ ಫೋಟೋ ತೆಗೆದಿಡಿ, ಗಿಟಾರ್ ಮುಖಕ್ಕೆ ಹಳೆಯ ಟವೆಲ್ ಹಾಸಿ. ಸೋಲ್ಡರ್ ಹನಿ ವಾರ್ನಿಷ್ ಮೇಲೆ ಬಿದ್ದರೆ ಅದರ ಗುರುತು ಹೋಗುವುದಿಲ್ಲ.

ವಾಲ್ಯೂಮ್ ಪಾಟ್‌ನ ಕಾಲು ನಿಮ್ಮ ಕಡೆಗಿಟ್ಟು ಬೆನ್ನಿನಿಂದ ನೋಡಿದರೆ ಎಡಗಾಲು ಪಿಕಪ್‌ಗೆ, ನಡುಗಾಲು ಜ್ಯಾಕ್‌ಗೆ, ಬಲಗಾಲು ಬಾಗಿಸಿ ಬೆನ್ನಿಗೆ. ನಾಬ್ ಉಲ್ಟಾ ಕೆಲಸ ಮಾಡಿದರೆ ಎಡ ಬಲ ಅದಲುಬದಲಾಗಿದೆ.

ಪ್ಲೇಟ್ ಮುಚ್ಚುವ ಮೊದಲು

ತಂತಿ ಹಾಕುವ ಅಗತ್ಯವಿಲ್ಲ. ಕೇಬಲ್ ಚುಚ್ಚಿ ಅದರ ಇನ್ನೊಂದು ತುದಿಯಲ್ಲಿ, ವಾಲ್ಯೂಮ್ ಟೋನ್ ಎರಡೂ 10ರಲ್ಲಿಟ್ಟು, ಮೀಟರ್‌ನಿಂದ ಅಳೆಯಿರಿ. ಪಾಟ್ ಜೊತೆಗಿರುವುದರಿಂದ ಸಂಖ್ಯೆ ಸ್ವಲ್ಪ ಕಮ್ಮಿ ಬರುತ್ತದೆ: 6 ಕಿಲೋಓಮ್‌ನ ಪಿಕಪ್ 250ರ ಪಾಟ್ ಜೊತೆ 5.86, 8ರದ್ದು 500ರ ಜೊತೆ 7.87. ಸ್ವಿಚ್‌ನ ಪ್ರತಿ ಜಾಗದಲ್ಲೂ ಬರೆದುಕೊಳ್ಳಿ. ಸೊನ್ನೆ ಬಂದರೆ ಹಾಟ್ ಎಲ್ಲೋ ಅರ್ತ್‌ಗೆ ತಾಗಿದೆ. ತಾಮ್ರದ ಶೀಲ್ಡಿಂಗ್ ಟೇಪ್ ಅಂಟಿಸಿದ್ದರೆ ಸ್ವಿಚ್‌ನ ಕಾಲು ಅಥವಾ ಜ್ಯಾಕ್‌ನ ತುದಿ ಅದಕ್ಕೆ ತಾಗಿರುವುದೇ ಹೆಚ್ಚು. ಪಿಕಪ್ ಬದಲು ಪಾಟ್‌ನ 250 ಅಥವಾ 500 ಬಂದರೆ ಪಿಕಪ್ ಬೆಸುಗೆ ಬಿಟ್ಟಿದೆ, ಇಲ್ಲವೇ ಕಾಯಿಲ್ ಕಡಿದಿದೆ.

ಆಂಪ್‌ಗೆ ಹಾಕಿ, ಅದೇ ಸ್ಕ್ರೂಡ್ರೈವರ್‌ನಿಂದ ಪಿಕಪ್ ಮೇಲೆ ಮೆಲ್ಲಗೆ ತಟ್ಟಿದರೆ ಯಾವುದು ಬದುಕಿದೆ ಎಂದು ತಿಳಿಯುತ್ತದೆ. ಟೋನ್ ಸೊನ್ನೆಗಿಳಿಸಿದಾಗ ಸದ್ದೇ ನಿಂತರೆ ಕೆಪ್ಯಾಸಿಟರ್‌ನ ಎರಡು ಕಾಲು ಒಂದಕ್ಕೊಂದು ತಾಗಿ ಅದು ಇಲ್ಲದಂತಾಗಿದೆ. ತಂತಿ ಹಾಕಿದ ಮೇಲೆ ಕೈ ತಾಗಿಸಿದಾಗ ಗುಂಯ್ ತಗ್ಗುವುದು ಸಹಜ, ಬ್ರಿಜ್‌ನ ಅರ್ತ್ ವೈರ್ ತನ್ನ ಕೆಲಸ ಮಾಡುತ್ತಿದೆ. ತಾಗಿಸಿದಾಗ ಗುಂಯ್ ಹೆಚ್ಚಾದರೆ ಜ್ಯಾಕ್‌ನಲ್ಲಿ ಹಾಟ್, ಅರ್ತ್ ಅದಲುಬದಲಾಗಿವೆ. ಮತ್ತೆ ಕಬ್ಬಿಣ ಕಾಯಿಸಿ. ತಾಗಿಸಿದಾಗ ಕೈಗೆ ಝುಮ್ಮೆಂದರೆ ಅದು ಗಿಟಾರಿನ ತಪ್ಪಲ್ಲ, ಆಂಪ್ ಅಥವಾ ಮನೆಯ ಪ್ಲಗ್ ಪಾಯಿಂಟಿನ ಅರ್ತಿಂಗ್ ಸರಿಯಿಲ್ಲ. ಕೇಬಲ್ ಕಿತ್ತು, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಪಾಯಿಂಟಿನಲ್ಲಿ ನುಡಿಸಬೇಡಿ.